ಒಗ್ಗರಣೆಯಿಲ್ಲದ ಕುಬಸ

ಮಡಿಲಲ್ಲಿ ಬಕೆಟ್ಟು ಇಟ್ಟುಕೊಂಡು ಫೋನಿನಲ್ಲಿ ಇದನ್ನು ಓದುತ್ತಿರುವವಳೇ, ಈ ಬರಹ ಮೊದಲು ನಿನಗೆ. ನಿನಗೆ ಹುಚ್ಚು ಹಿಡಿದಿಲ್ಲ. ನೀನು ನಾಟಕ ಆಡುತ್ತಿಲ್ಲ. ಅನ್ನದ ಕುಕ್ಕರು ಕೂಗಿದರೆ ಅಳು ಬರುತ್ತದೆ ಎಂದು ನೀನು ಹೇಳಿದಾಗ ನಕ್ಕವರ ಹೆಸರುಗಳನ್ನು ನೆನಪಿಟ್ಟುಕೋ. ಮುಂದೆ ಬೇಕಾಗುತ್ತವೆ.

ಉಳಿದವರೂ ಓದಬಹುದು. ಒಬ್ಬರಂತೂ ಓದಲೇಬೇಕು. ಅವರಿಗೆ ನಾನೇ ಕಳಿಸುತ್ತೇನೆ.

"ಈಗ ಎಲ್ಲಾ ಸರಿಹೋಯ್ತಲ್ಲ ಚೈತ್ರಾ, ಕ್ಷಮಿಸಿಬಿಡೇ" ಎಂದು ನನ್ನ ಅಮ್ಮ ಬೆಂಗಳೂರಿನಿಂದ ವಾರಕ್ಕೊಮ್ಮೆಯಾದರೂ ಹೇಳುತ್ತಾಳೆ. ಸರಿಹೋಗಿದೆ, ಒಪ್ಪಿದೆ. ಮಗಳು ಪಕ್ಕದಲ್ಲೇ ಮಲಗಿ ತನ್ನ ಕಾಲ್ಬೆರಳನ್ನು ತಾನೇ ಚೀಪುತ್ತಿದ್ದಾಳೆ. ಆದರೆ ಸರಿಹೋದದ್ದು ನನ್ನ ಹೊಟ್ಟೆ. ಕ್ಷಮಿಸಬೇಕಾದ್ದು ಬೇರೆಯವರ ಬಾಯಿಯನ್ನು. ಒಂದರಿಂದ ಇನ್ನೊಂದು ಹೇಗೆ ಬರುತ್ತದೆ ಎಂದು ಕೇಳಿದರೆ ಅಮ್ಮ ಫೋನನ್ನು ಅಪ್ಪನಿಗೆ ಕೊಡುತ್ತಾಳೆ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ಪರವಾದರೂ ಸೈ, ವಿರೋಧವಾದರೂ ಸೈ, ಕೊನೆಯ ಖಂಡನೆ ನನ್ನದು. ನಮಗೆ ಕಲಿಸಿದ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: ಎದುರಾಳಿಯನ್ನು ಕೆಡವಲು ನಿನ್ನ ಕಲ್ಲು ಹುಡುಕಬೇಡ, ಅವನು ಎಸೆದದ್ದನ್ನೇ ಎತ್ತಿಕೋ. ಆ ಮಾತು ನನಗೆ ಹೊರದೇಶದ ಎಟೋಬಿಕೋಕ್ ಎಂಬ ಊರಿನ ಒಂದು ಹಳೆಯ ಬಾಡಿಗೆ ಮನೆಯಲ್ಲಿ, ಗರ್ಭಿಣಿಯಾಗಿ, ತಣ್ಣನೆಯ ಆಲೂಗಡ್ಡೆಯ ಮುಂದೆ ಕುಳಿತಾಗ ಉಪಯೋಗಕ್ಕೆ ಬಂತು.

ಶುರುವಾದದ್ದು ಫ್ರಿಜ್ಜಿನಿಂದ. ಒಂದು ಬೆಳಗ್ಗೆ ಬಾಗಿಲು ತೆರೆದೆ, ಒಳಗಿನಿಂದ ಯಾರೋ ಸತ್ತಂತೆ ವಾಸನೆ ಬಂತು. ಎಲ್ಲವನ್ನೂ ಹೊರಗೆ ತೆಗೆದು ಒಂದೊಂದಾಗಿ ಮೂಸಿದ ನನ್ನ ಗಂಡ ಸಂಗಮೇಶ, "ಏನೂ ಕೆಟ್ಟಿಲ್ಲ" ಎಂದ. ಕೆಟ್ಟದ್ದು ನನ್ನ ಮೂಗು. ಆಮೇಲೆ ಕಾಫಿ ಹೋಯಿತು. ಹಾಲು, ಹಾಲಿನ ಹಿಂದೆ ಮೊಸರು. ಸಂಗಮೇಶನ ಗಡ್ಡದ ಎಣ್ಣೆ ಹೋಯಿತು, ಅದು ಹೋದದ್ದಕ್ಕೆ ಈಗಲೂ ವಿಷಾದವಿಲ್ಲ. ಕೊನೆಗೆ ಒಗ್ಗರಣೆ. ಬಿಸಿ ಎಣ್ಣೆಗೆ ಸಾಸಿವೆ ಬಿದ್ದು ಚಟಪಟ ಎಂದ ಕೂಡಲೇ ಹಸಿವಾಗುತ್ತಿದ್ದ ನನಗೆ, ಈಗ ಆ ಸದ್ದು ಕೇಳಿದರೆ ಸಾಕು, ವಾಸನೆ ಬರುವ ಮೊದಲೇ ಬಾಯಲ್ಲಿ ನೀರೂರಿ ಬಚ್ಚಲಿಗೆ ಓಡಬೇಕಿತ್ತು. ಓಡಲಾಗದ ದಿನಗಳಿಗೆ ನೀಲಿ ಬಕೆಟ್ಟು.

ಅದೇ ಚಳಿಗಾಲದ ಹೊಸ್ತಿಲಲ್ಲಿ ಹುಬ್ಬಳ್ಳಿಯಿಂದ ಅತ್ತೆ ಬಂದರು. ಸೊಸೆಗೆ ಉಣ್ಣಿಸಲೆಂದೇ ಬಂದವರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಳ್ಳುಳ್ಳಿ ಖಾರ. ಬಾಗಿಲಲ್ಲೇ ನನ್ನ ಕೆನ್ನೆ ಸವರಿ, "ಎಷ್ಟ ಸೊರಗೀಯವಾ! ಎರಡ ಜೀವ ಅದಾವು, ಉಂಡರ ತಡೀತಾವು" ಎಂದರು. ಅವರ ಕೈಯಲ್ಲಿ ಬೆಳ್ಳುಳ್ಳಿಯ ವಾಸನೆಯಿತ್ತು. ನಾನು ಅವರ ಮುಖ ನೋಡಿ ನಕ್ಕೆ, ತಿರುಗಿ ಬಕೆಟ್ಟಿಗೆ ಬಾಗಿದೆ. ಸ್ವಾಗತ ಮಾಡುವ ರೀತಿ ಅದಲ್ಲ, ಗೊತ್ತು.

ಇಲ್ಲಿನ ಮನೆಗಳ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಕಿಟಕಿ ತೆರೆಯುವಂತಿಲ್ಲ. ಬೇಸ್‌ಮೆಂಟಿನ ಫರ್ನೇಸು ಇಡೀ ಮನೆಯ ಗಾಳಿಯನ್ನು ಎಳೆದು, ಬಿಸಿ ಮಾಡಿ, ನೆಲದ ಜಾಲರಿಗಳಿಂದ ಕೋಣೆ ಕೋಣೆಗೂ ಊದುತ್ತದೆ. ಅಡುಗೆಮನೆಯಲ್ಲಿ ಇಂಗು ಬಿದ್ದರೆ ನನ್ನ ಮಂಚದ ಕೆಳಗಿನ ಜಾಲರಿಯಿಂದ ಇಂಗು ಬರುತ್ತಿತ್ತು, ಬೆಚ್ಚಗೆ. ವಾಸನೆ ಹೋಗಲೆಂದು ಅತ್ತೆ ಒಂದು ಉಪಾಯ ಮಾಡಿದರು: ಗಂಧದ ಊದಿನಕಡ್ಡಿ ಹಚ್ಚಿದರು. ಒಂದಲ್ಲ, ಒಂದು ಕಟ್ಟು. ಇಂಗು, ಬೆಳ್ಳುಳ್ಳಿ, ಗಂಧ ಮೂರೂ ಕೂಡಿ ಜಾಲರಿಯಿಂದ ಎದ್ದು ಬಂದಾಗ ನನಗೆ ನನ್ನ ತಿಥಿಯನ್ನು ನಾನೇ ಮಲಗಿ ನೋಡುತ್ತಿರುವಂತೆ ಅನಿಸಿತು.

"ಅತ್ತೆ, ದಯವಿಟ್ಟು ಆರಿಸಿ."

"ದೇವರ ವಾಸನೀನೂ ಆಗಿ ಬರಂಗಿಲ್ಲೇನು ನಿನಗ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗಾಬರಿಯಿತ್ತು. ಸಿಟ್ಟಿದ್ದರೆ ಉತ್ತರ ಕೊಡಬಹುದಿತ್ತು.

ನಮ್ಮ ಫ್ಯಾಮಿಲಿ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಬಸುರಿಯರಿಗೆಂದೇ ಇಲ್ಲಿ ದಿನವೂ ಬರೆಯುವ ಮಾತ್ರೆ. ಪವಾಡವೇನೂ ಆಗಲಿಲ್ಲ, ಆದರೆ ಮೂರು ವಸ್ತುಗಳು ನನ್ನ ಕಡೆಗೆ ಬಂದವು: ಮಂಜುಗಡ್ಡೆ, ಉಪ್ಪಿನ ಬಿಸ್ಕತ್ತು, ಬೇಯಿಸಿ ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ತಣ್ಣಗಾದ ಆಲೂಗಡ್ಡೆ. ಬಿಸಿ ಇದ್ದರೆ ವಾಸನೆ, ತಣ್ಣಗಿದ್ದರೆ ವಾಸನೆಯಿಲ್ಲ. ಈ ಸೂತ್ರವನ್ನು ನಾನೇ ಕಂಡುಹಿಡಿದೆ. ಆಲೂಗಡ್ಡೆಗೆ ಉಪ್ಪು ಉದುರಿಸಿ ಕಣ್ಣು ಮುಚ್ಚಿ ತಿನ್ನುತ್ತಿದ್ದೆ. ಅತ್ತೆ ಬಾಗಿಲ ಸಂದಿಯಿಂದ ನೋಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಅದನ್ನು ಎಮ್ಮೆಗೂ ಹಾಕುವುದಿಲ್ಲವಂತೆ.

ಆಗ ಅವರು ಡಾಕ್ಟರ್ ಅಂಕಲ್‌ಗೆ ಫೋನು ಮಾಡಿಸಿದರು.

ಡಾಕ್ಟರ್ ಅಂಕಲ್ ಅಣು ವಿದ್ಯುತ್ ಸ್ಥಾವರವಿರುವ ಪಿಕರಿಂಗ್ ಎಂಬ ಊರಿನಲ್ಲಿದ್ದಾರೆ. ಮೈಸೂರಿನ ಕಡೆಯವರು, ನಾವೆಲ್ಲ ಹುಟ್ಟುವ ಮೊದಲೇ ಈ ದೇಶಕ್ಕೆ ಬಂದವರು, ಈಗ ನಿವೃತ್ತರು. ಇಲ್ಲಿನ ಕನ್ನಡದ ಮನೆಗಳಲ್ಲಿ ಯಾರಿಗೆ ನೆಗಡಿಯಾದರೂ ಕೊನೆಯ ಮಾತು ಅವರದ್ದು. ಅವರು ಮೂಳೆ ಡಾಕ್ಟರು ಎಂಬುದು ಎಲ್ಲರಿಗೂ ಗೊತ್ತು, ಯಾರಿಗೂ ನೆನಪಿರುವುದಿಲ್ಲ.

ಫೋನು ಸ್ಪೀಕರಿನಲ್ಲಿತ್ತು. ನಾನು ಸೋಫಾದಲ್ಲಿ, ಬಕೆಟ್ಟು ಪಕ್ಕದಲ್ಲಿ.

"ನೋಡಮ್ಮಾ ಚೈತ್ರಾ, ನಾನು ಎಷ್ಟೋ ಕೇಸ್ ನೋಡಿದೀನಿ. ಇದೆಲ್ಲ ಮೈಂಡಲ್ಲಿರೋದು. ಜಾಸ್ತಿ ಓದಿರೋ ಹುಡ್ಗೀರಿಗೇ ಬರೋದು ಇದು. ಎಲ್ಲದಕ್ಕೂ ಆರ್ಗ್ಯುಮೆಂಟ್ ಅಲ್ವಾ? ಈಗ ಊಟದ ಜೊತೆನೂ ಆರ್ಗ್ಯುಮೆಂಟು!" ಅವರೇ ನಕ್ಕರು. "ಮನಸ್ಸು ಮಾಡಿದ್ರೆ ಎಲ್ಲಾ ರುಚಿಸುತ್ತೆ. ಮಾತ್ರೆ ಗೀತ್ರೆ ಯಾಕೆ? ನಮ್ ಕಾಲದ ಹೆಂಗಸ್ರು ಒಂದಾದ್ರೂ ಮಾತ್ರೆ ತಿಂದ್ರಾ? ಮಗೂಗೆ ಏನಾದ್ರೂ ಆದ್ರೆ ಆಮೇಲೆ ಯಾರು ಜವಾಬ್ದಾರಿ?"

ನನ್ನ ಬಳಿ ಉತ್ತರವಿತ್ತು. ಉತ್ತರಗಳ ಸಾಲೇ ಇತ್ತು. ಅವರ ಕಾಲದಲ್ಲಿ ಹೆರಿಗೆಗೆ ಹೋಗಿ ಮರಳದ ಹೆಂಗಸರು ಈ ವಾದದಲ್ಲಿ ಎಲ್ಲಿದ್ದಾರೆ ಎಂದು ಕೇಳಬಹುದಿತ್ತು. ಅಣು ವಿದ್ಯುತ್ ಸ್ಥಾವರದ ನೆರಳಲ್ಲಿ ಮನೆ ಕಟ್ಟಿ ನೆಮ್ಮದಿಯಾಗಿ ಬಾಳಿದವರಿಗೆ ಒಂದು ಸಣ್ಣ ಮಾತ್ರೆಯ ಭಯ ಯಾಕೆ ಎಂದು ಕೇಳಬಹುದಿತ್ತು. ಗರ್ಭದಲ್ಲಿ ಯಾವ ಮೂಳೆ ಮುರಿದಿದೆ ಎಂದಾದರೂ ಕೇಳಬಹುದಿತ್ತು. ಬಾಯಿ ತೆರೆದೆ. ಅದೇ ಹೊತ್ತಿಗೆ ಅತ್ತೆ ಒಲೆಯ ಮೇಲಿಟ್ಟಿದ್ದ ಸಾರು ಕುದಿಯಿತು.

ನನ್ನ ಖಂಡನೆಯ ಸರದಿಯಲ್ಲಿ ನಾನು ಬಕೆಟ್ಟಿನಲ್ಲಿ ತಲೆಯಿಟ್ಟಿದ್ದೆ. "ನೋಡಿ, ವಿಷಯ ತೆಗೆದ ಕೂಡಲೇ ಶುರುವಾಯ್ತು. ಸೈಕಲಾಜಿಕಲ್" ಎಂದು ಫೋನು ಹೇಳಿತು. ಜೀವನದಲ್ಲಿ ಮೊದಲ ಬಾರಿಗೆ ನಾನು ಒಂದು ಚರ್ಚೆಯನ್ನು ಸೋತದ್ದು ಹೀಗೆ, ನನ್ನ ವಾಂತಿಯನ್ನೇ ಎದುರಾಳಿ ಸಾಕ್ಷ್ಯ ಮಾಡಿಕೊಂಡಾಗ.

ಮಾತ್ರೆ ಆ ವಾರ ಮುಗಿಯುವುದರಲ್ಲಿತ್ತು. ಫಾರ್ಮಸಿಗೆ ಹೋಗಿ ತರಬೇಕಿದ್ದವನು ಸಂಗಮೇಶ. ಅವನು ಬೂಟು ಹಾಕಿಕೊಂಡು, ಬಿಚ್ಚಿಟ್ಟು, ನನ್ನ ಹತ್ತಿರ ಬಂದು ಕೂತ.

"ಅಂಕಲ್ ಇಷ್ಟ್ ಹೇಳ್ಯಾರ... ಅವ್ವನೂ ಹೆದರ್ಯಾಳ. ನಾಕ್ ದಿನ ನೋಡೂಣು, ಚೈತ್ರಾ."

ನಾಕ್ ದಿನ ನೋಡೂಣು. ಈ ಮೂರು ಪದಗಳನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನಂತೂ ಇಟ್ಟುಕೊಂಡಿದ್ದೇನೆ.

ಆ ನಾಕ್ ದಿನ ಪೂರ್ತಿಯಾಗಲಿಲ್ಲ. ಮೊದಲು ಆಲೂಗಡ್ಡೆ ಕೈಬಿಟ್ಟಿತು, ಆಮೇಲೆ ಬಿಸ್ಕತ್ತು, ಕೊನೆಗೆ ಮಂಜುಗಡ್ಡೆ ಕರಗಿದ ನೀರೂ ನಿಲ್ಲಲಿಲ್ಲ. ತುಟಿ ಒಡೆದು ನಾಲಿಗೆ ಅಂಗುಳಕ್ಕೆ ಅಂಟಿತು. ಬಚ್ಚಲಿನಿಂದ ಎದ್ದು ಬರುವಾಗ ಗೋಡೆ ನನ್ನ ಕಡೆಗೆ ವಾಲಿದಂತಾಯಿತು. ಬಿದ್ದ ಸದ್ದಿಗೆ ಅತ್ತೆ ಓಡಿ ಬಂದು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಸಂಗೂ! ಗಾಡಿ ತಗೀಯೋ! ಆಕಿ ಕೈ ಹೆಣದ ಕೈ ಆಗ್ಯಾವೋ!" ಎಂದು ಅವರು ಕೂಗಿದ್ದು ನೆನಪಿದೆ. ಅವರ ಕೈಯಲ್ಲಿ ಬೆಳ್ಳುಳ್ಳಿಯಿತ್ತು. ಓಕರಿಸಲು ಒಳಗೆ ಏನೂ ಉಳಿದಿರಲಿಲ್ಲ.

ಇಲ್ಲಿನ ಎಮರ್ಜೆನ್ಸಿಯ ಕಾಯುವ ಕೋಣೆ ಒಂದು ಸಣ್ಣ ಭೂಗೋಳ. ಮುರಿದ ಮಣಿಕಟ್ಟು, ಕೆಮ್ಮುವ ಕೂಸು, ಎಲ್ಲ ದೇಶದ ಭಾಷೆಗಳಲ್ಲಿ ಒಂದೇ ಪ್ರಶ್ನೆ: ಇನ್ನೂ ಎಷ್ಟು ಹೊತ್ತು? ನಾನು ಕಾಗದದ ಚೀಲವನ್ನು ಬಾಯಿಗೆ ಹಿಡಿದು ಕುಳಿತಿದ್ದೆ. ಎದುರಿನ ಕುರ್ಚಿಯಲ್ಲಿ ಪಗಡಿ ಕಟ್ಟಿದ ಒಬ್ಬ ವೃದ್ಧರು ಬಿಸಿ ಮೊಟ್ಟೆಯ ಸ್ಯಾಂಡ್‌ವಿಚ್ಚಿನ ಕಾಗದ ಬಿಡಿಸುತ್ತಿದ್ದರು. ವಾಸನೆ ನನಗೆ ತಲುಪಿತು. ನನ್ನ ಮುಖ ಅವರಿಗೆ ತಲುಪಿತು. ಅವರು ನನ್ನ ಹೊಟ್ಟೆಯನ್ನೂ ಚೀಲವನ್ನೂ ನೋಡಿ, "ಸಾರಿ ಬೇಟಾ" ಎಂದಷ್ಟೇ ಹೇಳಿ, ಕಾಗದವನ್ನು ಮತ್ತೆ ಸುತ್ತಿ, ಊರುಗೋಲು ಹಿಡಿದು ಹೊರಗೆ ಹೋದರು. ಗಾಜಿನ ಬಾಗಿಲಾಚೆ, ಬೀಳುತ್ತಿದ್ದ ಹಿಮದಲ್ಲಿ ನಿಂತು ತಿಂದು, ಬಾಯೊರೆಸಿಕೊಂಡು ಒಳಗೆ ಬಂದರು. ನನ್ನ ಮೈಂಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಈ ಬರಹದಲ್ಲಿ ನನ್ನ ಸೇಡಿನಿಂದ ಪೂರ್ತಿಯಾಗಿ ಪಾರಾದ ಗಂಡಸು ಅವರೊಬ್ಬರೇ.

ಒಳಗೆ ಕರೆದರು. ಮೂತ್ರ ಪರೀಕ್ಷೆ ಮಾಡಿದ ಯುವ ಡಾಕ್ಟರ ಮುಖ ಗಂಭೀರವಾಯಿತು. ಮೈ ತನ್ನನ್ನೇ ತಾನು ತಿನ್ನಲು ಶುರುಮಾಡಿದೆ ಎಂದರು. ಮಗುವಿನ ಎದೆಬಡಿತ ಹುಡುಕಲು ಯಂತ್ರ ತಂದರು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು ಹಚ್ಚಿ ಅದನ್ನು ಅತ್ತಿತ್ತ ಆಡಿಸಿದರು. ಏನೂ ಕೇಳಿಸಲಿಲ್ಲ. ಮತ್ತೆ ಆಡಿಸಿದರು. ಅತ್ತೆ ನನ್ನ ಕಾಲ್ಬೆರಳನ್ನು ಹಿಡಿದು ನಿಂತಿದ್ದರು, ಹಿಡಿತ ಬಿಗಿಯಾಗುತ್ತಾ ಹೋಯಿತು. ನಾನು ದೇವರನ್ನು ನಂಬುವುದಿಲ್ಲ. ಆಗಲೂ ನಂಬಲಿಲ್ಲ. ಆದರೆ ಆ ಮೌನದಲ್ಲಿ ಒಬ್ಬ ಮನುಷ್ಯನ ಹೆಸರು ಹೇಳಿ ನಾನು ಏನೇನು ಬಯಸಿದೆ ಎಂಬುದನ್ನು ಬರೆಯಲಾರೆ.

ಆಮೇಲೆ ಸಿಕ್ಕಿತು. ಕುದುರೆ ಓಡಿದಂಥ ಸದ್ದು.

ಡಾಕ್ಟರು ನನ್ನನ್ನು ಕೇಳಿದರು, ಮಾತ್ರೆ ಯಾಕೆ ನಿಲ್ಲಿಸಿದೆ ಎಂದು. ನಾನು ಸಂಗಮೇಶನ ಕಡೆ ನೋಡಿದೆ. ಅವನು ನೆಲ ನೋಡಿದ. ಅವನ ಬೂಟಿನಿಂದ ಕರಗಿದ ಹಿಮ ಅಲ್ಲಿ ಸಣ್ಣ ಕೆರೆಯಾಗಿತ್ತು.

ಡ್ರಿಪ್ಪು ಹತ್ತಿತು. ಅತ್ತೆ ಕುರ್ಚಿ ಎಳೆದುಕೊಂಡು ಚೀಲವನ್ನೇ ನೋಡುತ್ತಾ ಕುಳಿತರು. ಚೀಲ ಖಾಲಿಯಾಗುವಾಗ, ಆಸ್ಪತ್ರೆಗೆ ಬಂದ ಮೇಲೆ ಮೊದಲ ಬಾರಿಗೆ ಅವರ ಮುಖ ಅರಳಿತು.

"ಪೂರಾ ಒಂದ್ ಚೀಲ ಕುಡದ್ಲು ನೋಡೋ ಸಂಗು! ಬಾಯಿಂದ ಹೋಗಿದ್ರ ಹೊರಗ ಬರ್ತಿತ್ತು. ಇದು ಸೀದಾ ರಕ್ತಕ್ಕ ಹೋತು. ಇದರಾಗ ಸ್ವಲ್ಪ ಹೆಸರಬ್ಯಾಳಿ ಕಟ್ಟು ಹಾಕಾಕ ಬರ್ತದೇನು ಕೇಳು."

ನಕ್ಕರೆ ಒಡೆದ ತುಟಿ ಉರಿಯಿತು. ಆದರೂ ನಕ್ಕೆ.

ಮಾತ್ರೆ ಮತ್ತೆ ಶುರುವಾಯಿತು. ಮಂಜುಗಡ್ಡೆ ಮರಳಿತು, ಅದರ ಹಿಂದೆ ಆಲೂಗಡ್ಡೆ. ಸಂಗಮೇಶನಿಗೆ ನಾನು ಶಿಕ್ಷೆ ವಿಧಿಸಿದೆ: ಮನೆಯ ಒಗ್ಗರಣೆಯೆಲ್ಲ ಇನ್ನು ಗ್ಯಾರೇಜಿನಲ್ಲಿ, ಅವನ ಕೈಯಿಂದಲೇ. ಪಾಪ, ಉಣ್ಣೆಯ ಟೋಪಿ, ದಪ್ಪ ಜಾಕೆಟ್ಟು ಹಾಕಿಕೊಂಡು, ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ, ಕರೆಂಟಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಾಸಿವೆ ಸಿಡಿಸುತ್ತಿದ್ದ. ನಾಯಿ ಅಡ್ಡಾಡಿಸಲು ಬಂದ ಪಕ್ಕದ ಮನೆಯಾಕೆ ನಿಂತು ನೋಡಿ, ಏನು ರಿಪೇರಿ ಎಂದು ಕೇಳಿದಳಂತೆ. "ಮ್ಯಾರೇಜ್" ಎಂದನಂತೆ. ಜಾಣ. ಆದರೂ ಶಿಕ್ಷೆ ಇಳಿಸಲಿಲ್ಲ.

ಇನ್ನು ಡಾಕ್ಟರ್ ಅಂಕಲ್. ಒಂದು ತಪ್ಪೊಪ್ಪಿಗೆ, ಅರ್ಧ ಸಾರಿ, ಕನಿಷ್ಠ ಒಂದು ಕೆಮ್ಮು ನಿರೀಕ್ಷಿಸಿದ್ದೆ. ಫೋನು ಬಂತು. "ಡ್ರಿಪ್ ಹಾಕಿದ್ದು ಒಳ್ಳೇದಾಯ್ತು. ನಾನೂ ಅದನ್ನೇ ಹೇಳೋನಿದ್ದೆ. ಕುಬಸ ಯಾವಾಗ? ಹೋಳಿಗೆ ತಿಂದು ಬಹಳ ದಿನ ಆಯ್ತು."

ಕುಬಸ ಎಂದರೆ ಅತ್ತೆಯ ಕಡೆಯ ಸೀಮಂತ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಎತ್ತಿ, ಬಯಕೆಯ ಊಟ ಉಣ್ಣಿಸುತ್ತಾರೆ. ಬಂದವರೆಲ್ಲ ಒಂದೊಂದು ಅಡುಗೆ ತರುತ್ತಾರೆ. ಆ ವಾಸನೆಗಳನ್ನೆಲ್ಲ ಒಂದೇ ಫರ್ನೇಸು ಊದುವುದನ್ನು ಊಹಿಸಿ ನನಗೆ ಅಲ್ಲೇ ತಲೆ ಸುತ್ತಿತು. ಬೇಡವೇ ಬೇಡ ಎನ್ನಲು ಹೊರಟವಳು ತಡೆದೆ. ಎದುರಾಳಿಯ ಕಲ್ಲು. ಎಲ್ಲಿದೆ ಅದು?

"ಅತ್ತೆ, ಬಸುರಿಯ ಬಯಕೆ ತೀರಿಸದಿದ್ದರೆ ಏನಾಗುತ್ತೆ?"

"ಹುಟ್ಟಿದ ಕೂಸಿನ ಕಿವಿ ಸೋರತಾವು." ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಖಂಡಿತವಾಗಿಯೂ?"

"ಹಿರ್ಯಾರ ಮಾತು ಸುಳ್ಳ ಆಗತೈತೇನು?"

"ಬಯಕೆ ಏನಿದ್ದರೂ ತೀರಿಸಬೇಕಾ? ಇಂಥದ್ದೇ ಅಂತ ಇಲ್ಲವಾ?"

"ಏನಿದ್ರೂ! ಮಣ್ಣ ಬೇಡಿದ್ರೂ ಚಿಟಿಕಿ ಮಣ್ಣ ಕೊಡ್ತಿದ್ರು. ಹೇಳವಾ, ಏನ್ ಬೇಕು ನಿನಗ?" ಅವರ ಕಣ್ಣಲ್ಲಿ ಆಸೆ ಮಿನುಗಿತು. ಇಷ್ಟು ತಿಂಗಳಲ್ಲಿ ಸೊಸೆ ಏನೋ ಒಂದನ್ನು ಕೇಳುತ್ತಿದ್ದಾಳೆ.

ಹೇಳಿದೆ. ಒಗ್ಗರಣೆಯಿಲ್ಲದ ಕುಬಸ. ಒಲೆ ಹಚ್ಚಕೂಡದು, ಯಾರೂ ಏನೂ ತರಕೂಡದು. ನನ್ನ ಎಲೆಯಲ್ಲಿ ಏನಿದೆಯೋ ಅದೇ ಎಲ್ಲರ ಎಲೆಯಲ್ಲಿ. ಮೊದಲ ಎಲೆ ಡಾಕ್ಟರ್ ಅಂಕಲ್‌ಗೆ.

ಅತ್ತೆ ಸೊಪ್ಪಿನ ಇನ್ನೊಂದು ದಂಟು ಎತ್ತಿಕೊಂಡರು. ಮಂದಿ ಏನಂದಾರು ಎನ್ನುತ್ತಾರೆ ಎಂದುಕೊಂಡೆ, ಅದಕ್ಕೂ ಉತ್ತರ ಸಿದ್ಧವಿತ್ತು. ಅವರು ಹೇಳಿದ್ದು ಬೇರೆ.

"ಆ ಮನಶ್ಯಾನ ಮಾತ ಕೇಳಿ ನನ್ನ ಸೊಸಿನ್ನ ಸಾವಿನ ಬಾಗಲಕ್ಕ ಕಳಿಸಿದ್ನೆಲ್ಲ ನಾನು. ಯಂತ್ರದಾಗ ಸಪ್ಪಳ ಬರಲಿಲ್ಲ ನೋಡು, ಅವತ್ತ ನನ್ನ ಎದಿ ನಿಂತಿತ್ತು." ಮರದ ಬುಡ ಕಿತ್ತಂತೆ ಆ ದಂಟನ್ನು ಮುರಿದರು. "ಆಲೂಗಡ್ಡಿ ಎಷ್ಟ್ ಕುದಸಲಿ?"

ಅಂದೇ ಸಂಜೆ ಅವರು ಎಲ್ಲರ ಮನೆಗೂ ಫೋನು ಹಚ್ಚಿದರು. "ಏನೂ ತರಬ್ಯಾಡ್ರಿ ಅಕ್ಕಾರ. ಖಾಲಿ ಕೈಲೆ ಬರ್ರಿ. ಸೊಸಿ ಬಯಕಿ ಐತಿ." ಆಲೂಗಡ್ಡೆಯ ಹೆಸರು ಎತ್ತಲಿಲ್ಲ. ಹುಬ್ಬಳ್ಳಿಯ ಹೆಂಗಸು ಮನಸ್ಸು ಮಾಡಿದರೆ ಗುಟ್ಟನ್ನು ಲಗ್ನಪತ್ರಿಕೆಯಂತೆ ಹಂಚಬಲ್ಲಳು, ಲಕೋಟೆ ಒಡೆಯದೆ.

ಆ ದಿನ ಹಸಿರು ಸೀರೆಯಲ್ಲಿ ಕುಳಿತೆ. ಕೈತುಂಬ ಬಳೆ. ಆರತಿ, ಹಾಡು, ನಗು. ಬಾಳೆಎಲೆ ಹಾಸಿದರು. ಡಾಕ್ಟರ್ ಅಂಕಲ್ ಮೊದಲ ಎಲೆಯ ಮುಂದೆ ಪಂಚೆ ಸರಿಮಾಡಿಕೊಂಡು ಕುಳಿತರು. ಪಕ್ಕದಲ್ಲಿ ಅವರ ಹೆಂಡತಿ ಸರೋಜಾ ಆಂಟಿ, ಎಂದಿನಂತೆ ಮೌನ. ಅಂಕಲ್ ಹೋಳಿಗೆಗೆ ಜಾಗವಿರಲೆಂದು ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದಿರುವುದಾಗಿ ಸಭೆಗೆ ತಿಳಿಸಿದರು.

ಸಂಗಮೇಶ ಬಡಿಸಿದ. ಎಲೆಯ ತುದಿಗೆ ಉಪ್ಪು. ಮಧ್ಯದಲ್ಲಿ ತಣ್ಣನೆಯ ಆಲೂಗಡ್ಡೆ. ಪಕ್ಕದಲ್ಲಿ ಬಿಸ್ಕತ್ತು. ಸ್ಟೀಲಿನ ಲೋಟದಲ್ಲಿ ಮಂಜುಗಡ್ಡೆ.

ಅಂಕಲ್ ಕಾದರು. "ಊಟ ಯಾವಾಗ?"

"ಇದ ಊಟರೀ ಡಾಕ್ಟ್ರ" ಎಂದರು ಅತ್ತೆ, ಕೈಮುಗಿದು. "ಬಯಕಿ ಊಟ. ಬಸುರಿ ಕೇಳಿದ್ದು ತೀರಸಬೇಕಲ್ರೀ, ಇಲ್ಲಂದ್ರ ಕೂಸಿನ ಕಿವಿ ಸೋರತಾವು. ನಿಮಗ ಗೊತ್ತಿಲ್ಲೇನು?"

ಅಂಕಲ್ ಒಂದು ತುಂಡು ಬಾಯಿಗಿಟ್ಟು ತಿರುಗಿಸಿ ತಿರುಗಿಸಿ ಅಗಿದರು. "ಏನಮ್ಮಾ ಚೈತ್ರಾ ಇದು? ಇಳಿತಾನೇ ಇಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಈ ಸಲ ಬಕೆಟ್ಟು ದೂರದಲ್ಲಿತ್ತು. ಯಾವ ಸಾರೂ ಕುದಿಯುತ್ತಿರಲಿಲ್ಲ.

"ಅದು ಮೈಂಡಲ್ಲಿರೋದು ಅಂಕಲ್" ಎಂದೆ. "ಮನಸ್ಸು ಮಾಡಿದ್ರೆ ಎಲ್ಲಾ ರುಚಿಸುತ್ತೆ."

ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಕೋಣೆ ನಕ್ಕಿತು. ಫೋನಿನ ಕತೆ ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು. ಅತ್ತೆ ತಿಳಿಸದೆ ಬಿಟ್ಟಿರಲಿಲ್ಲ. ಅಂಕಲ್ ಕೆಂಪಾಗಿ, "ಅಲ್ಲ, ಅದು ಬೇರೆ ಕಾಂಟೆಕ್ಸ್ಟು..." ಎಂದು ಶುರುಮಾಡಿದರು. ನಾನು ಮುಂದಿನ ವಾದಕ್ಕೆ ಬಾಯಿ ತೆರೆದೆ, ಅಣು ಸ್ಥಾವರವನ್ನು ಇಳಿಸುವ ಹೊತ್ತು ಅದು. ಆದರೆ ಮಾತು ಬೇರೆ ಕಡೆಯಿಂದ ಬಂತು.

"ಇನ್ನೊಂದು ಆಲೂಗಡ್ಡೆ ಹಾಕಪ್ಪಾ" ಎಂದರು ಸರೋಜಾ ಆಂಟಿ. ಎಲೆ ಖಾಲಿಯಾಗಿತ್ತು. ಅವರು ಗಂಡನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿ, ಅಡುಗೆಯ ವಿಷಯ ಮಾತಾಡುವಷ್ಟೇ ಸಾಧಾರಣ ದನಿಯಲ್ಲಿ ಹೇಳಿದರು: "ನನಗೂ ಹೀಗೇ ಆಗಿತ್ತು ಚೈತ್ರಾ. ಇವರು ಇದೇ ಮಾತು ಹೇಳಿದ್ರು. ಎರಡನೇದು ಬೇಡ ಅಂತ ನಾನು ಹಠ ಹಿಡಿದಿದ್ದು ಅದಕ್ಕೇ. ಕಾರಣ ಇವತ್ತಿನವರೆಗೂ ಕೇಳಿಲ್ಲ ಇವರು."

ನಗು ನಿಂತಿತು. ಅಂಕಲ್ ಹೆಂಡತಿಯನ್ನು ನೋಡಿದರು, ಎಲೆಯನ್ನು ನೋಡಿದರು, ಆಮೇಲೆ ಉಳಿದದ್ದನ್ನೆಲ್ಲ, ಬಿಸ್ಕತ್ತಿನ ಚೂರೂ ಬಿಡದೆ, ತಲೆ ಎತ್ತದೆ ತಿಂದರು. ನಾನು ಅಣು ಸ್ಥಾವರವನ್ನು ಒಳಗೇ ಇಟ್ಟುಕೊಂಡೆ. ಕೊನೆಯ ಖಂಡನೆ ನನ್ನದಾಗಲಿಲ್ಲ. ಅದು ನನಗಿಂತ ಎಷ್ಟೋ ಮೊದಲೇ ಸರದಿಗೆ ನಿಂತವರದ್ದಾಗಿತ್ತು.

ಅವರು ನನ್ನ ಬಳಿ ಕ್ಷಮೆ ಕೇಳಿಲ್ಲ. ನಾನೂ ಕೊಟ್ಟಿಲ್ಲ. ಅಮ್ಮನಿಗೆ ಹೇಳಿದ್ದೇನೆ, ಬೇಡಿಕೆಯಿಲ್ಲದ ಮಾಲನ್ನು ನಾನು ಸರಬರಾಜು ಮಾಡುವುದಿಲ್ಲ. ಈಚೆಗೆ ಅವರು ಫೋನಿನಲ್ಲಿ ವೈದ್ಯ ಹೇಳುವುದನ್ನು ನಿಲ್ಲಿಸಿದ್ದಾರಂತೆ. ಯಾರಾದರೂ ಕೇಳಿದರೆ, "ನಿಮ್ಮ ಡಾಕ್ಟ್ರನ್ನೇ ಕೇಳಿ" ಎಂದು ಸರೋಜಾ ಆಂಟಿಯೇ ಹೇಳಿ ಇಟ್ಟುಬಿಡುತ್ತಾರೆ.

ಮಗಳ ಕಿವಿ ಸೋರಿಲ್ಲ. ಅತ್ತೆ ಅದನ್ನು ಪುರಾವೆ ಎನ್ನುತ್ತಾರೆ. ಒಂದೇ ಉದಾಹರಣೆ ಪುರಾವೆಯಾಗುವುದಿಲ್ಲ ಎಂದು ನಾನು ಹೇಳಿದೆ. "ಹಂಗಾದ್ರ ಇನ್ನೊಂದ ಹಡಿ, ನೋಡೂಣು" ಎಂದರು. ಈ ಮನೆಯಲ್ಲಿ ನನಗೆ ಸಮನಾದ ಎದುರಾಳಿ ಅವರೊಬ್ಬರೇ.

ಬಕೆಟ್ಟು ಹಿಡಿದವಳೇ, ನಿನಗೆ ನಾನು ಹೇಳುವುದು ಇಷ್ಟೇ. ಮಾತ್ರೆ ಬರೆದವರು ನಿನ್ನ ಡಾಕ್ಟರಾದರೆ, ನಿಲ್ಲಿಸುವ ಮಾತನ್ನೂ ಅವರನ್ನೇ ಕೇಳು. ತಣ್ಣಗಿರುವುದನ್ನು ತಿನ್ನು. ಬೂಟು ಬಿಚ್ಚುತ್ತಿರುವವನಿಗೆ ಮತ್ತೆ ಹಾಕಿಸಿ ಕಳಿಸು. ವಾಸನೆಗಳು ಒಂದು ದಿನ ಮರಳಿ ಬರುತ್ತವೆ. ನನಗೆ ಹೆರಿಗೆಯಾದ ಮರುದಿನವೇ ಬಂದವು. ಸಾಸಿವೆಯ ಸದ್ದು ಕೇಳಿ ಆಸ್ಪತ್ರೆಯಿಂದ ಬಂದ ಹಸಿ ಬಾಣಂತಿ ನಾನು ಎರಡು ಸಲ ಸಾರು ಸುರಿಸಿಕೊಂಡು ಉಂಡೆ.

ಈಗ ಮತ್ತೆ ಚಳಿ ಶುರುವಾಗಿದೆ. ನಿನ್ನೆ ಸಂಗಮೇಶ ಗ್ಯಾರೇಜಿನಿಂದ ಒಗ್ಗರಣೆ ಸೌಟು ಹಿಡಿದು ಒಳಗೆ ಬಂದ. ಟೋಪಿಯ ಮೇಲೆ ಹಿಮ, ಮೂಗಿನ ತುದಿ ಕೆಂಪು.

"ನಿನಗ ಈಗ ಎಲ್ಲಾ ಆಗಿ ಬರ್ತದಲ್ಲ, ಚೈತ್ರಾ. ನಾಳೆಯಿಂದ ಒಳಗ ಮಾಡಲೇನು?"

ನಾನು ಮಗಳನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡೆ. ಇಂಗಿನ ಪರಿಮಳ ಸ್ವರ್ಗದಂತಿತ್ತು.

"ನಾಕ್ ದಿನ ನೋಡೂಣು" ಎಂದೆ.